ಸ್ಥಿರವಲ್ಲದ ಸ್ಥಿರಾಸ್ತಿ

ಮನುಷ್ಯನ ಸ್ವತ್ತನ್ನು ಕಾನೂನು ಎರಡು ಪಾಲು ಮಾಡಿದೆ. ಎತ್ತಿಕೊಂಡು ಹೋಗಬಹುದಾದುದು ಚರಾಸ್ತಿ. ಹಾಗೆ ಒಯ್ಯಲು ಬಾರದುದು ಸ್ಥಿರಾಸ್ತಿ. ಎತ್ತು, ಗಾಡಿ, ಪಾತ್ರೆ ಪಡಗ, ಒಡವೆ ವಸ್ತ್ರಗಳೆಲ್ಲ ಮೊದಲನೆಯ ಗುಂಪಿಗೆ. ಹೊಲ, ಮನೆ, ಹಿತ್ತಿಲು, ತೋಟ ಎರಡನೆಯದಕ್ಕೆ. ಘಟ್ಟದ ಮೇಲಿನ ಜನರಿಗೆ ಈ ವಿಭಾಗದಲ್ಲಿ ಸಂದೇಹಪಡುವ ಪ್ರಸಂಗ ಎಂದೂ ಒದಗಿದುದಿಲ್ಲ. ಅಜ್ಜನ ಕಾಲದಲ್ಲಿ ನೆಟ್ಟ ಬಾಂದುಕಲ್ಲು ಮೊಮ್ಮಗನ ಕಾಲಕ್ಕೂ ಅಲ್ಲಿಯೇ ಇರುತ್ತದೆ; ಅದೇನಾದರೂ ಒಂದು ಮಾರು ಆಚೆಗೆ ಸರಿದಿದ್ದರೆ, ಸರಿಸಿದವನು ನೆರೆಹೊಲದವನೇ ಹೊರತು ದೇವರಲ್ಲ. ಆದರೆ ಘಟ್ಟವಿಳಿದು ಕಡಲ ಕಡೆಗೆ ನಡೆದಂತೆ, ಅದರಲ್ಲಿಯೂ ಹೊಳೆ ಕಡಲನ್ನು ಕೂಡುವ ಅಳಿವೆಗಳ ಬಳಿಗೆ ಬಂದಂತೆ, ಈ ನಂಬಿಕೆ ಸಡಿಲವಾಗತೊಡಗುತ್ತದೆ. ಅಲ್ಲಿ ಸ್ಥಿರಾಸ್ತಿಗೂ ಕಾಲು ಬರುತ್ತದೆ. ಮಳೆಗಾಲಕ್ಕೆ ಮುನ್ನ ಮನೆಯ ಮುಂದಿದ್ದ ತೆಂಗಿನ ಸಾಲು ಮಳೆಗಾಲ ಮುಗಿಯುವಷ್ಟರಲ್ಲಿ ಬೇರು ಮೇಲಾಗಿ ನೀರಿನಲ್ಲಿ ಮಲಗಿರುತ್ತದೆ. ಒಂದು ಹರಿದಾರಿ ದೂರದಲ್ಲಿ, ನಿನ್ನೆಯವರೆಗೆ ದೋಣಿ ಓಡಿದ ಕಡೆ, ಯಾರ ಪಹಣಿಯಲ್ಲಿಯೂ ಇಲ್ಲದ ಹೊಸ ಮರಳದಿಬ್ಬ ಬಿಸಿಲು ಕಾಯುತ್ತಿರುತ್ತದೆ.

ಈ ಸಂಗತಿ ಕಡಲ ತಡಿಯ ಜನರಿಗೆ ಹೊಸದಲ್ಲ. ಅವರ ಊರ ಹೆಸರುಗಳೇ ಅದನ್ನು ಹೇಳುತ್ತವೆ. ಹೊಳೆಯ ನಡುವೆ ಎದ್ದ ನೆಲ ತೆಂಕಣ ಜಿಲ್ಲೆಗಳಲ್ಲಿ ಕುದ್ರು, ಉತ್ತರ ಕನ್ನಡದಲ್ಲಿ ಕುರ್ವೆ. ಹೊಳೆಗೂ ಕಡಲಿಗೂ ನಡುವೆ ನಾಲಗೆಯಂತೆ ಚಾಚಿಕೊಂಡ ಮರಳುಪಟ್ಟಿ ಬೆಂಗ್ರೆ. ಮಂಗಳೂರಿನ ಎದುರಿಗೆ, ಗುರುಪುರ ಹೊಳೆಯ ಆಚೆ ದಡದಲ್ಲಿರುವುದು ಒಂದು ಬೆಂಗ್ರೆ. ಉಡುಪಿಯ ಬಡಗಲಲ್ಲಿ, ಸುವರ್ಣಾ ಮತ್ತು ಸೀತಾ ನದಿಗಳು ಜೊತೆಯಾಗಿ ಕಡಲನ್ನು ಸೇರುವಲ್ಲಿ ಇರುವುದು ಕೋಡಿ ಬೆಂಗ್ರೆ. ಇನ್ನು ‘ಅಳಿವೆ’ ಎಂಬ ಮಾತು. ಅದರ ಮೂಲಧಾತು ಯಾವುದೆಂಬ ಚರ್ಚೆಯನ್ನು ನಿಘಂಟುಕಾರರಿಗೆ ಬಿಟ್ಟುಬಿಡಬಹುದು. ಆದರೆ ಕಿವಿಗೆ ಅದು ‘ಅಳಿವು’ ಎಂಬುದರ ನೆರೆಮನೆಯ ಮಾತಾಗಿಯೇ ಕೇಳುತ್ತದೆ. ಅಲ್ಲಿ ಮನೆ ಮಾಡಿಕೊಂಡವರು ಈ ನೆರೆಹೊರೆಯನ್ನು ಮರೆತು ಬಾಳಿದುದಿಲ್ಲ. ಹಿಂದಿನವರ ಗುಡಿಸಲಿಗೆ ಮಡಲು ಹೊದಿಕೆ, ಮರದ ಕಂಬ, ಮರಳಿನ ನೆಲ. ಕಡಲು ಹತ್ತಿರ ಬಂದರೆ ಕಂಬ ಕಿತ್ತು, ಮಡಲು ಮಡಚಿ, ನೂರು ಹೆಜ್ಜೆ ಹಿಂದಕ್ಕೆ ಹೋಗಿ ಮತ್ತೆ ಕಟ್ಟಿಕೊಳ್ಳುವುದು. ಅದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ, ಹಿಂದೆ ಜಾಗವೂ ಇತ್ತು. ಅವರ ಮನೆ ಚರಾಸ್ತಿಯೇ ಆಗಿತ್ತೆಂದರೆ ತಪ್ಪಾಗದು.

ನೆಲ ನಡೆಯುವುದು ಏಕೆ? ಕಾರಣ ನಿಗೂಢವಾದುದೇನೂ ಅಲ್ಲ. ನಮ್ಮ ಪಡುವಣ ತೀರದ ಹೊಳೆಗಳೆಲ್ಲ ಘಟ್ಟದ ನೆತ್ತಿಯಿಂದ ಕಡಲಿಗೆ ಧುಮುಕುವ ಅವಸರದ ಹೊಳೆಗಳು. ಮಳೆಗಾಲದ ನಾಲ್ಕು ತಿಂಗಳಲ್ಲಿ ಅವು ಮರಳನ್ನೂ ಮಣ್ಣನ್ನೂ ಹೊತ್ತು ತಂದು ಬಾಯಲ್ಲಿ ಸುರಿಯುತ್ತವೆ. ಅದೇ ತಿಂಗಳುಗಳಲ್ಲಿ ನೈಋತ್ಯದ ಗಾಳಿಗೆ ಕೆರಳಿದ ಅಲೆಗಳು ದಂಡೆಯನ್ನು ಕಡಿದು ಮರಳನ್ನು ಒಳಗೆ ಎಳೆದುಕೊಳ್ಳುತ್ತವೆ. ದಸರೆ ಕಳೆದು ಕಡಲು ಶಾಂತವಾದ ಮೇಲೆ, ತಗ್ಗಿದ ಅಲೆಗಳು ಕೊಂಡೊಯ್ದ ಮರಳನ್ನು ಸ್ವಲ್ಪಸ್ವಲ್ಪವಾಗಿ ಹಿಂದಕ್ಕೆ ತಂದು ಒಪ್ಪಿಸುತ್ತವೆ. ಸಾಲ ಪೂರ್ತಿ ತೀರುವ ವರ್ಷವೂ ಉಂಟು, ಬಡ್ಡಿಸಹಿತ ತೀರುವುದೂ ಉಂಟು, ಮುಳುಗಿಸಿಬಿಡುವುದೂ ಉಂಟು. ಇದಲ್ಲದೆ ದಂಡೆಯ ಉದ್ದಕ್ಕೂ ಮರಳಿನ ಸಾಗಾಟವೊಂದು ಸದಾ ನಡೆದೇ ಇರುತ್ತದೆ. ಋತುವಿಗೆ ತಕ್ಕಂತೆ ಅದರ ದಿಕ್ಕು ಬದಲಾಗುತ್ತದೆ. ಹೊಳೆಯ ಬಾಯಿಯಲ್ಲಿ ಈ ಮೂರು ಶಕ್ತಿಗಳು ಕೂಡುವುದರಿಂದ ಅಳಿವೆ ಒಂದೆಡೆ ನಿಲ್ಲುವುದಿಲ್ಲ. ಶಾಂಭವಿ ಮತ್ತು ನಂದಿನಿ ಹೊಳೆಗಳು ಕೂಡುವ ಸಸಿಹಿತ್ಲಿನಲ್ಲಿ ಮರಳಿನ ನಾಲಗೆ ಬೆಳೆಯುವುದೂ ಕಡಿಯುವುದೂ, ಅಳಿವೆ ಜಾಗ ಬದಲಿಸುವುದೂ ಊರವರು ಕಣ್ಣಾರೆ ಕಂಡ ಸಂಗತಿಗಳು. ಹೊಳೆಗೆ ಅಣೆಕಟ್ಟು ಕಟ್ಟಿದರೆ ಬರಬೇಕಾದ ಮರಳು ಮೇಲೆಯೇ ನಿಂತುಹೋಗುತ್ತದೆ. ಪಾತ್ರದಿಂದ ಲಾರಿಗಟ್ಟಲೆ ಮರಳು ತೆಗೆದರೂ ಅದೇ ಫಲ. ಶರಾವತಿಗೆ ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಬಂದಿತು. ಕಾಳಿಗೂ ಒಂದಾದ ಮೇಲೊಂದರಂತೆ ಅಣೆಕಟ್ಟುಗಳು ಬಂದುವು. ನಾಡಿಗೆ ಬೆಳಕಾಯಿತು, ಅದನ್ನು ಅಲ್ಲಗಳೆಯುವವರಿಲ್ಲ. ಆದರೆ ಘಟ್ಟದ ಮೇಲೆ ಹಿಡಿದಿಟ್ಟ ಮರಳಿನ ಲೆಕ್ಕವನ್ನು ಕಡಲು ಯಾರಿಂದ ವಸೂಲು ಮಾಡುತ್ತದೆಂದು ಅಂದು ಯಾರೂ ಕೇಳಲಿಲ್ಲ.

ಭಾರತದ ಒಟ್ಟು ಕರಾವಳಿಯದೂ ಇದೇ ಕಥೆ. ೧೯೯೦ರಿಂದ ೨೦೧೮ರವರೆಗಿನ ಉಪಗ್ರಹಚಿತ್ರಗಳನ್ನು ಹೋಲಿಸಿ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರ ಅಳೆದ ಸುಮಾರು ೬,೬೩೨ ಕಿಲೋಮೀಟರು ದಂಡೆಯಲ್ಲಿ ಮೂರರಲ್ಲೊಂದು ಪಾಲು ಕೊರೆತಕ್ಕೆ ಸಿಕ್ಕಿದೆ. ನಾಲ್ಕರಲ್ಲೊಂದಕ್ಕಿಂತ ತುಸು ಹೆಚ್ಚು ಪಾಲು ಮುಂದಕ್ಕೆ ಬೆಳೆದಿದೆ. ಇದ್ದಲ್ಲಿಯೇ ಇದ್ದುದು ಉಳಿದ ನೂರಕ್ಕೆ ನಲವತ್ತರಷ್ಟು ಮಾತ್ರ. ಅಂದಮೇಲೆ ಅರ್ಧಕ್ಕಿಂತ ಹೆಚ್ಚು ಕರಾವಳಿ ಚಲಿಸುವ ನೆಲವೇ.

ಹೀಗಿರುವ ನೆಲಕ್ಕೆ ನಮ್ಮ ಕಟ್ಟಡದ ಕಾನೂನು ಹೇಗೆ ನಡೆದುಕೊಂಡಿದೆಯೆಂಬುದು ವಿಚಾರಮಾಡತಕ್ಕ ಮಾತು.

ಮೊದಲಿಗೆ ಅದರ ಉಪಕಾರವನ್ನು ನೆನೆಯುವುದು ನ್ಯಾಯ. ೧೯೮೧ರ ನವೆಂಬರಿನಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ಕರಾವಳಿ ರಾಜ್ಯಗಳ ಮುಖ್ಯಮಂತ್ರಿಗಳಿಗೆ ಒಂದು ಪತ್ರ ಬರೆದು, ಉಬ್ಬರದ ಗೆರೆಯಿಂದ ೫೦೦ ಮೀಟರುಗಳವರೆಗಿನ ದಂಡೆಯನ್ನು ಕಟ್ಟಡ ಮೊದಲಾದುವುಗಳಿಂದ ಮುಕ್ತವಾಗಿ ಇರಿಸಬೇಕೆಂದು ಸೂಚಿಸಿದರು. ಆ ಪತ್ರದ ಆಶಯವೇ ಮುಂದೆ ೧೯೮೬ರ ಪರಿಸರ ಸಂರಕ್ಷಣಾ ಶಾಸನದ ಬಲದಿಂದ ೧೯೯೧ರ ಫೆಬ್ರವರಿ ೧೯ರಂದು ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯಾಗಿ ಬಂದಿತು. ಜನ ಅದನ್ನು ‘ಸಿಆರ್‌ಝಡ್’ ಎನ್ನುತ್ತಾರೆ. ಮೀನಿನ ಬೆಲೆಯಂತೆ ಆ ಮೂರು ಅಕ್ಷರಗಳೂ ಕಡಲ ತಡಿಯಲ್ಲಿ ಎಲ್ಲರ ಬಾಯಲ್ಲಿವೆ. ಉಬ್ಬರರೇಖೆಯಿಂದ ೫೦೦ ಮೀಟರು ನಿಯಂತ್ರಿತ ವಲಯ. ಹಳ್ಳಿಗಾಡಿನ ದಂಡೆಯಲ್ಲಿ ಅದರ ಮೊದಲ ೨೦೦ ಮೀಟರಿನೊಳಗೆ ಹೊಸ ಕಟ್ಟಡಕ್ಕೆ ಅವಕಾಶವೇ ಇರಲಿಲ್ಲ. ಈ ಕಟ್ಟಳೆ ಇಲ್ಲದೆ ಹೋಗಿದ್ದರೆ ಇಂದು ಮರವಂತೆಯ ಕಡಲನ್ನು ನೋಡಲು ಹೋಟೆಲಿನ ಮಹಡಿ ಹತ್ತಬೇಕಾಗುತ್ತಿತ್ತು. ಅಷ್ಟರಮಟ್ಟಿಗೆ ಅದು ಪುಣ್ಯದ ಕೆಲಸ.

ಆದರೆ ಅದು ಅಳತೆಗೆ ಹಿಡಿದ ಗೆರೆ ಯಾವುದು? ದೊಡ್ಡ ಉಬ್ಬರದ ದಿನ ನೀರು ಎಲ್ಲಿಯವರೆಗೆ ಏರುತ್ತದೆಯೋ ಅಲ್ಲಿ ಎಳೆಯುವ ಗೆರೆ. ಹುಣ್ಣಿಮೆ ಅಮಾವಾಸ್ಯೆಗಳ ಉಬ್ಬರ ಪಂಚಾಂಗ ನೋಡಿ ಹೇಳಬಹುದಾದುದೇ. ಆದರೆ ಆ ಉಬ್ಬರ ಏರಬೇಕಾದ ದಂಡೆಯೇ ಕಳೆದ ವರ್ಷ ಇದ್ದಲ್ಲಿ ಇಲ್ಲವಾದರೆ? ನಕ್ಷೆಯಲ್ಲಿ ಒಮ್ಮೆ ಬರೆದ ಗೆರೆ ಮುಂದಿನ ನಕ್ಷೆಯವರೆಗೆ ಅಲ್ಲಿಯೇ ನಿಲ್ಲುತ್ತದೆ. ಕಡಲಿಗೆ ಆ ತಾಳ್ಮೆಯಿಲ್ಲ. ಅಳಿವೆಯ ಬಳಿ ಗೆರೆ ಗುರುತಿಸಲು ಬಂದ ಮೋಜಣಿಯ ಹುಡುಗನಿಗೂ ದೋಣಿಯ ನೆರಳಲ್ಲಿ ಬಲೆ ನೇಯುತ್ತ ಕುಳಿತ ಮುದುಕನಿಗೂ ನಡುವೆ ಎಂಥ ಮಾತು ನಡೆದೀತೆಂದು ಊಹಿಸುವುದು ಕಷ್ಟವಲ್ಲ.

“ಗೆರೆ ಎಲ್ಲಿ ಬಂತು ಮಾರಾಯ್ರೆ?”

“ಇಲ್ಲೇ ಅಜ್ಜ, ಈ ಗಾಳಿಮರದ ಬುಡದಲ್ಲಿ. ನಕ್ಷೆಯಲ್ಲಿ ಹೀಗೇ ಉಂಟು.”

“ಹಾಗಾದರೆ ನಿಮ್ಮ ನಕ್ಷೆಯಲ್ಲಿರುವುದು ಹಳೇ ಕಡಲು. ಈ ವರ್ಷದ ಕಡಲು ನಿಮ್ಮ ಬೆನ್ನ ಹಿಂದೆ ಉಂಟು, ಸ್ವಲ್ಪ ತಿರುಗಿ ನೋಡಿ.”

ವಿಚಿತ್ರವೆಂದರೆ, ಕಂದಾಯದ ಕಾನೂನಿಗೆ ಈ ಸತ್ಯ ಎಂದೋ ತಿಳಿದಿತ್ತು. ಕುಂಪಣಿ ಸರಕಾರ ೧೮೨೫ರಷ್ಟು ಹಿಂದೆಯೇ ಬಂಗಾಳದಲ್ಲಿ ಒಂದು ರೆಗ್ಯುಲೇಷನ್ ಮಾಡಿ, ಹೊಳೆಯೂ ಕಡಲೂ ಹೊಸದಾಗಿ ಕೂಡಿಸಿದ ನೆಲ ಯಾರಿಗೆ ಸೇರಬೇಕು, ಪ್ರವಾಹದ ನಡುವೆ ಎದ್ದ ದ್ವೀಪ ಯಾರದು ಎಂಬುದನ್ನೆಲ್ಲ ಗೊತ್ತುಮಾಡಿತ್ತು. ತೀರ್ವೆ ಎತ್ತುವ ವಿಷಯ ಬಂದಾಗ ನೆಲ ನಡೆಯುತ್ತದೆಂಬುದನ್ನು ಒಪ್ಪಿದ ಸರಕಾರ, ಮನೆ ಕಟ್ಟುವ ವಿಷಯ ಬಂದಾಗ ಅದನ್ನು ಮರೆತದ್ದು ಸೋಜಿಗ.

ಪೂರ್ತಿ ಮರೆತಿತೆಂದರೂ ಸರಿಯಲ್ಲ. ಮೊದಲ ಅಧಿಸೂಚನೆಗೆ ತಿದ್ದುಪಡಿಯ ಮೇಲೆ ತಿದ್ದುಪಡಿ ಬಂದು, ತೇಪೆಯೇ ಹೆಚ್ಚಾಗಿ ಬಟ್ಟೆಯೇ ಕಾಣದಂತಾದ ಮೇಲೆ, ೨೦೧೧ರ ಜನವರಿ ೬ರಂದು ಹೊಸದೊಂದು ಹೊರಟಿತು. ಅದರಲ್ಲಿ ‘ಅಪಾಯರೇಖೆ’ ಎಂಬ ಒಂದು ಮಾತಿತ್ತು. ಉಬ್ಬರ ಮಾತ್ರವಲ್ಲ, ಅಲೆಗಳ ಹೊಡೆತ, ಸಮುದ್ರಮಟ್ಟದ ಏರಿಕೆ, ದಂಡೆಯ ಸರಿದಾಟ ಇವೆಲ್ಲವನ್ನೂ ಗಣನೆಗೆ ತಂದು ಎಳೆಯಬೇಕಾದ ಗೆರೆ ಅದು. ಭಾರತೀಯ ಸರ್ವೇಕ್ಷಣಾ ಇಲಾಖೆ ಅದನ್ನು ಎಳೆದೂ ಕೊಟ್ಟಿತು. ಕಡಲಿನ ನಡಿಗೆಯನ್ನು ಕಾನೂನು ಕೊನೆಗೂ ಗಮನಿಸಿತಲ್ಲಾ ಎಂದು ಸಂತೋಷಪಡುವಷ್ಟರಲ್ಲಿ ೨೦೧೯ರ ಜನವರಿಯಲ್ಲಿ ಮತ್ತೊಂದು ಅಧಿಸೂಚನೆ ಬಂದಿತು. ಅಪಾಯರೇಖೆ ಇನ್ನು ಮುಂದೆ ವಿಪತ್ತುಗಳ ನಿರ್ವಹಣೆಗೆ ಒಂದು ಸಾಧನವೆಂದೂ, ಕಟ್ಟಡಗಳ ನಿಯಂತ್ರಣಕ್ಕೆ ಅಲ್ಲವೆಂದೂ ಅದು ಸಾರಿತು. ಅಂದರೆ ಮನೆ ಬಿದ್ದ ಮೇಲೆ ಗಂಜಿಕೇಂದ್ರ ತೆರೆಯುವವರು ಆ ಗೆರೆಯನ್ನು ನೋಡಬಹುದು. ಮನೆ ಕಟ್ಟಲು ಅನುಮತಿ ಕೊಡುವವರು ನೋಡಬೇಕಾಗಿಲ್ಲ. ಅದೇ ಅಧಿಸೂಚನೆ ಹಳ್ಳಿಗಾಡಿನ ದಂಡೆಯನ್ನು ಎರಡಾಗಿ ಒಡೆಯಿತು. ೨೦೧೧ರ ಜನಗಣತಿಯಂತೆ ಚದರ ಕಿಲೋಮೀಟರಿಗೆ ೨,೧೬೧ಕ್ಕಿಂತ ಹೆಚ್ಚು ಜನರಿದ್ದರೆ, ರಾಜ್ಯದ ಕರಾವಳಿ ಯೋಜನೆಗೆ ಒಪ್ಪಿಗೆ ದೊರೆತ ಮೇಲೆ, ಅಲ್ಲಿ ನಿಷೇಧ ೫೦ ಮೀಟರಿಗೆ ಇಳಿಯುತ್ತದೆ. ಜನ ಕಡಮೆಯಿದ್ದಲ್ಲಿ ಹಿಂದಿನಂತೆ ೨೦೦. ಹೊಳೆಯ ದಡಕ್ಕಿದ್ದ ೧೦೦ ಮೀಟರು ಕೂಡ ೫೦ ಆಯಿತು.

ಜನಸಂಖ್ಯೆಯನ್ನು ನೋಡಿ ಕಡಲು ಹಿಂದೆ ಸರಿಯುವುದುಂಟೆ? ಜನ ಹೆಚ್ಚಿರುವ ಕಡೆ ಅಪಾಯಕ್ಕೆ ಸಿಗುವ ಜೀವಗಳೂ ಹೆಚ್ಚೆಂಬುದಷ್ಟೆ ಆ ಅಂಕಿಯಿಂದ ತಿಳಿಯುವ ಮಾತು.

ಹಾಗೆಂದು ಹಳೆಯ ೨೦೦ ಮೀಟರಿನ ಕಟ್ಟಳೆಯೇ ಚೆನ್ನಾಗಿತ್ತು ಎನ್ನುವವರು ಒಮ್ಮೆ ಬೆಂಗ್ರೆಯೊಂದರ ಅಡ್ಡಗಲವನ್ನು ಅಳೆದು ನೋಡುವುದೊಳ್ಳೆಯದು. ೨೪೦ ಮೀಟರು ಅಗಲದ ಒಂದು ಮರಳುಪಟ್ಟಿಯೆಂದು ಎಣಿಸಿಕೊಳ್ಳಿ. ಕಡಲ ಕಡೆಯಿಂದ ೨೦೦ ಮೀಟರು ನಿಷಿದ್ಧ. ಹೊಳೆ ಅಗಲವಾಗಿದ್ದರೆ ಆ ಕಡೆಯಿಂದ ೧೦೦ ಮೀಟರು ನಿಷಿದ್ಧ. ಎರಡು ನಿಷೇಧಗಳು ನಡುವೆ ಒಂದರ ಮೇಲೊಂದು ಏರಿ ಕುಳಿತು, ಒಂದು ಕೋಳಿಗೂಡಿನಷ್ಟೂ ಜಾಗ ಉಳಿಯುವುದಿಲ್ಲ. ಅಲ್ಲಿ ತಲೆತಲಾಂತರದಿಂದ ಇರುವ ಮೊಗವೀರರೂ ಖಾರ್ವಿಗಳೂ ಬ್ಯಾರಿಗಳೂ ಮಗನ ಮದುವೆಗೆ ಒಂದು ಕೋಣೆ ಹೆಚ್ಚಿಸಬೇಕಾದರೆ ಅಪರಾಧಿಗಳಾಗಬೇಕು. ಇದ್ದ ಮನೆಯನ್ನು ದುರಸ್ತಿ ಮಾಡಬಹುದೆಂಬ ವಿನಾಯಿತಿ ಇತ್ತು, ನಿಜ. ಆದರೆ ಅದು ‘ಅಧಿಕೃತ’ ಕಟ್ಟಡಕ್ಕೆ, ಇದ್ದ ತಳಹದಿಯ ಅಳತೆಯನ್ನು ಮೀರದಂತೆ. ಮಡಲಿನ ಮನೆಗೆ ಯಾರು ಅಧಿಕೃತ ಮುದ್ರೆ ಒತ್ತಿದ್ದರು? ತಳಹದಿ ಎಲ್ಲಿತ್ತು? ೨೦೧೧ರಲ್ಲಿ ೧೦೦ರಿಂದ ೨೦೦ ಮೀಟರುಗಳ ನಡುವೆ ಸಾಂಪ್ರದಾಯಿಕ ಮೀನುಗಾರರ ವಾಸದ ಮನೆಗೆ ದಾರಿ ಬಿಟ್ಟರು. ಒಳ್ಳೆಯದೇ ಆಯಿತು. ಬೆಂಗ್ರೆಯವನ ಪಾಲಿಗೆ ಮಾತ್ರ ಕಡಲಿನಿಂದ ನೂರು ಮೀಟರು ಹಿಂದಕ್ಕೆ ಸರಿದರೆ ಹೊಳೆಯ ಗೆರೆ ಬೆನ್ನಿಗೆ ತಾಗುತ್ತದೆ.

ಈಗ ಅದೇ ಪಟ್ಟಿಯನ್ನು ಹೊಸ ಅಳತೆಯಿಂದ ನೋಡಿ. ಜನದಟ್ಟಣೆಯ ಊರಾದರೆ ಆ ಕಡೆ ೫೦, ಈ ಕಡೆ ೫೦. ನಡುವೆ ೧೪೦ ಮೀಟರು ಬಿಡುವು. ಹಿಂದೆ ಏನನ್ನೂ ಕಟ್ಟಲಾಗದ ಕಡೆ ಈಗ ಮಹಡಿಮನೆಯನ್ನೂ ಕಟ್ಟಬಹುದು, ಯಾತ್ರಿಕರಿಗೆ ವಸತಿಗೃಹವನ್ನೂ ಕಟ್ಟಬಹುದು. ಮೀನುಗಾರನ ಕೈಯಲ್ಲಿ ಒಂದು ಕೋಣೆಯ ದುಡ್ಡು. ಹೊರಗಿನಿಂದ ಬಂದವನ ಕೈಯಲ್ಲಿ ಹತ್ತು ಕೋಣೆಯದು. ಯಾರು ಮೊದಲು ಕಟ್ಟುತ್ತಾರೆಂಬುದನ್ನು ವಿವರಿಸಬೇಕಾಗಿಲ್ಲ. ಇಪ್ಪತ್ತು ವರ್ಷದ ಬ್ಯಾಂಕುಸಾಲವೂ ಸಿಗುತ್ತದೆ, ಏಕೆಂದರೆ ಅನುಮತಿಪತ್ರದಲ್ಲಿ ಆ ನೆಲ ಇಪ್ಪತ್ತು ವರ್ಷ ಇದ್ದೀತೇ ಎಂಬ ಪ್ರಶ್ನೆಯೇ ಇರುವುದಿಲ್ಲ. ಹಳೆಯ ಕಟ್ಟಳೆ ಅಲ್ಲಿ ಏನೂ ಬೇಡವೆಂದಿತು. ಹೊಸದು ಏನಾದರೂ ಆಗಲಿ ಎನ್ನುತ್ತಿದೆ. ಮೇಲುನೋಟಕ್ಕೆ ಒಂದಕ್ಕೊಂದು ವಿರುದ್ಧವಾದರೂ ಎರಡರ ಅಜ್ಞಾನವೂ ಒಂದೇ. ಎರಡೂ ಮೀಟರುಗಳನ್ನು ಎಣಿಸುತ್ತವೆ, ವರ್ಷಗಳನ್ನು ಎಣಿಸುವುದಿಲ್ಲ. ವರ್ಷಕ್ಕೆ ಅರ್ಧ ಅಡಿ ಸರಿಯುವ ದಂಡೆಯಲ್ಲಿ ೫೦ ಮೀಟರೆಂದರೆ ಮೂರು ತಲೆಮಾರಿಗೂ ಮೀರಿದ ಆಯುಸ್ಸು. ವರ್ಷಕ್ಕೆ ಐದು ಮೀಟರು ಸರಿಯುವಲ್ಲಿ ಅದು ಹತ್ತೇ ಮಳೆಗಾಲ. ಒಂದೇ ಅಳತೆಗೋಲಿನಿಂದ ಎರಡನ್ನೂ ಅಳೆದು ಕಾನೂನು ಸಮಾನತೆಯನ್ನು ಸಾಧಿಸಿದಂತೆ ಕಾಣುತ್ತದೆ.

ಮನೆಯನ್ನು ಅಲ್ಲಿಯೇ ಕಟ್ಟಿ, ಕಡಲನ್ನೇ ತಡೆದರಾಗದೆ ಎಂಬ ಪ್ರಶ್ನೆ ಸಹಜವಾದುದು. ಮಳೆಗಾಲ ಬಂತೆಂದರೆ ಕರಾವಳಿಯಲ್ಲಿ ಲಾರಿಗಳು ಕಪ್ಪುಕಲ್ಲನ್ನು ತಂದು ಸುರಿಯುವುದನ್ನು ಎಲ್ಲರೂ ಕಂಡಿದ್ದಾರೆ. ಕಲ್ಲಿನಿಂದ ಉಪಯೋಗವಿಲ್ಲವೆಂದಲ್ಲ, ಕಡಲಿಗೂ ಹೊಳೆಗೂ ನಡುವೆ ಹೆದ್ದಾರಿಯೇ ಓಡುವ ಮರವಂತೆಯಂಥ ಕಡೆ ಅದು ಅನಿವಾರ್ಯ. ಆದರೆ ಕಲ್ಲು ಮರಳನ್ನು ಹುಟ್ಟಿಸುವುದಿಲ್ಲ. ಒಂದು ಕಡೆ ಹಿಡಿದು ನಿಲ್ಲಿಸಿದ ಮರಳು ಇನ್ನೊಂದು ಕಡೆಗೆ ಹೋಗಬೇಕಾಗಿದ್ದ ಮರಳೇ. ನೇತ್ರಾವತಿ–ಗುರುಪುರ ಹೊಳೆಗಳ ಅಳಿವೆಯಲ್ಲಿ ದೋಣಿಗಳಿಗೆ ದಾರಿಯಾಗಲೆಂದು ಕಳೆದ ಶತಮಾನದ ಕೊನೆಯ ದಶಕದಲ್ಲಿ ಅಲೆತಡೆಗೋಡೆಗಳನ್ನು ಕಟ್ಟಿದ ಮೇಲೆ, ತೆಂಕಣ ಉಳ್ಳಾಲದ ದಂಡೆ ಮಳೆಗಾಲ ಮಳೆಗಾಲಕ್ಕೆ ಕರಗತೊಡಗಿತು. ಅದನ್ನುಳಿಸಲು ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲ ತಂದು, ಕಡಲೊಳಗೆ ಕೃತಕ ದಿಬ್ಬಗಳನ್ನು ಕಟ್ಟಬೇಕಾಯಿತು. ಇತ್ತ ಸೋಮೇಶ್ವರ, ಉಚ್ಚಿಲದ ಕಡೆಯವರು ಈಗ ತಮ್ಮ ತೋಟ ರಸ್ತೆಗಳನ್ನು ತೋರಿಸುತ್ತಿದ್ದಾರೆ. ಒಂದು ಮನೆಯ ಹಾವನ್ನು ಹೊಡೆಯದೆ ಪಕ್ಕದ ಮನೆಗೆ ಅಟ್ಟಿದಂತಾಯಿತು.

ಕರಗುವ ದಂಡೆ ಕರಾವಳಿ ಕರ್ನಾಟಕಕ್ಕೆ ಮಾತ್ರ ಬಂದ ಕಷ್ಟವೇನಲ್ಲ. ನೆಲದ ಕಾನೂನನ್ನು ನಾವು ಯಾರಿಂದ ಕಲಿತೆವೋ ಆ ಇಂಗ್ಲೆಂಡಿನಲ್ಲಿಯೂ ಅದುಂಟು. ಅವರು ಮಾಡಿಕೊಂಡ ಏರ್ಪಾಡನ್ನು ನೋಡಿದರೆ ನಷ್ಟವಿಲ್ಲ. ಅಲ್ಲಿನ ನಾರ್ಫೋಕ್ ಕಡಲತಡಿಯಲ್ಲಿ ಹೇಸ್‌ಬರೊ ಎಂಬ ಹಳ್ಳಿ ಇದೆ. ೧೯೫೩ರ ದೊಡ್ಡ ಪ್ರವಾಹದ ತರುವಾಯ ಅದರ ದಂಡೆಗೆ ಮರದ ತಡೆಗಳನ್ನು ಕಟ್ಟಿದರು. ತೊಂಬತ್ತರ ದಶಕದಲ್ಲಿ ಅವು ಮುರಿದುಬಿದ್ದು, ಮೆದುಮಣ್ಣಿನ ದಡ ಕುಸಿದು, ಬೀದಿಯ ಮನೆಗಳು ಒಂದೊಂದಾಗಿ ಕಡಲು ಪಾಲಾದುವು. ಮತ್ತೆ ತಡೆ ಕಟ್ಟುವ ವೆಚ್ಚ ರಕ್ಷಿಸುವ ಆಸ್ತಿಯ ಬೆಲೆಗಿಂತ ಹೆಚ್ಚಾಗುವುದೆಂದು ಸರಕಾರ ಕೈಚೆಲ್ಲಿತು. ಜನ ಜಗಳವಾಡಿದರು, ಕೈಚೆಲ್ಲುವುದಾದರೆ ನಮಗೊಂದು ದಾರಿ ತೋರಿ ಎಂದರು. ಆಗ ೨೦೦೯ರಿಂದ ಮುಂದೆ ಒಂದು ಪ್ರಯೋಗ ನಡೆಯಿತು. ಅಂಚಿನಲ್ಲಿದ್ದ ಕೆಲವು ಮನೆಗಳನ್ನು ಸ್ಥಳೀಯ ಸಂಸ್ಥೆಯೇ ಕೊಂಡುಕೊಂಡು ಕೆಡವಿತು. ಕೆಡವಿದ ಮನೆಗಳ ಬದಲಿಗೆ ಒಳನಾಡಿನಲ್ಲಿ, ಬೇರೆಯವರಿಗೆ ಮನೆ ಕಟ್ಟಲು ಬಿಡದ ಕಡೆಯಲ್ಲಿ, ಕಟ್ಟುವ ಅನುಮತಿ ದೊರೆಯುವಂತೆ ಮಾಡಿತು. ನೆಲ ಹೋದರೂ ಮನೆ ಕಟ್ಟುವ ಹಕ್ಕು ಉಳಿಯಿತು. ೨೦೧೦ರಿಂದ ಆ ದೇಶದ ಯೋಜನಾ ನಿಯಮಗಳಲ್ಲಿ ಬದಲಾಗುವ ದಂಡೆಗೆ ಬೇರೆಯೇ ಒಂದು ವಲಯವಿದೆ. ಅಲ್ಲಿ ಕಟ್ಟಡಕ್ಕೆ ಅನುಮತಿ ಕೊಟ್ಟರೂ ಅವಧಿ ಹಾಕಿ ಕೊಡಬಹುದು: ಇಷ್ಟು ವರ್ಷ ಇರು, ಆಮೇಲೆ ಬಿಚ್ಚಿಕೊಂಡು ಹೋಗು ಎಂದು. ಮಡಲಿನ ಮನೆಯವರು ತಾವಾಗಿ ನಡೆಸಿಕೊಂಡು ಬಂದಿದ್ದ ಪದ್ಧತಿಯನ್ನು ಇಂಗ್ಲಿಷರು ಕಾಗದದ ಮೇಲೆ ಬರೆದರು, ಅಷ್ಟೆ.

ಅಲ್ಲಿನದನ್ನು ಹಾಗೆಯೇ ಎತ್ತಿ ತಂದು ಇಲ್ಲಿ ನೆಟ್ಟರೆ ಬೇರು ಹಿಡಿಯದು. ಅಲ್ಲಿ ಕುಸಿಯುವುದು ಎತ್ತರದ ದಡ; ಇಲ್ಲಿರುವುದು ಕುಸಿಯಬಲ್ಲ, ಬೆಳೆಯಲೂ ಬಲ್ಲ ತಗ್ಗಿನ ಮರಳು. ಅಲ್ಲಿ ಮನೆಯವರಿಗೆ ಕ್ರಯಪತ್ರವಿದೆ. ಇಲ್ಲಿ ಎಷ್ಟೋ ಮನೆಗಳು ಪರಂಬೋಕಿನಲ್ಲಿ ನಿಂತಿವೆ. ಆದರೂ ಮೂರು ಮಾತುಗಳನ್ನು ಅಲ್ಲಿಂದ ತರಬಹುದು. ಅಳಿವೆಯ ಎರಡು ಬದಿಯ ನೆಲವನ್ನು ಉಳಿದ ದಂಡೆಯೊಡನೆ ಸೇರಿಸಿ ಅಳೆಯದೆ ಬೇರೆ ವಲಯವಾಗಿ ಗುರುತಿಸುವುದು. ಎಷ್ಟು ದೂರವೆಂಬುದನ್ನು ಅಲ್ಲಿನ ದಂಡೆಯ ನಡಿಗೆಯಿಂದಲೇ ನಿಶ್ಚಯಿಸುವುದು. ಅಂಥಲ್ಲಿ ಕೊಡುವ ಅನುಮತಿಗೆ ಆಯುಸ್ಸು ನಮೂದಿಸುವುದು. ಹತ್ತು ಕೋಣೆಯ ವಸತಿಗೃಹಕ್ಕೆ ಆ ಅವಧಿಯನ್ನು ತೋರಿಸಿಯೇ ಬ್ಯಾಂಕಿನವರು ಸಾಲ ಕೊಡಲಿ, ಆಗ ಎಷ್ಟು ಜನ ಕೊಡುತ್ತಾರೋ ನೋಡಬಹುದು. ಮೂರನೆಯದೇ ಮುಖ್ಯ, ಅದಿಲ್ಲದೆ ಮೊದಲೆರಡು ಬಡವನ ಮೇಲೆ ಬಿದ್ದ ಇನ್ನೆರಡು ನಿಷೇಧಗಳಾಗುತ್ತವೆ: ದಂಡೆಯಲ್ಲಿ ಇರುವವನಿಗೆ ಹಿಂದೆ ಸರಿಯುವ ನೆಲವನ್ನು ಮನೆ ಬೀಳುವ ಮೊದಲೇ ಗುರುತಿಸಿ, ಅವನ ಹೆಸರಿಗೆ ಹಕ್ಕುಪತ್ರ ಬರೆದಿಡುವುದು.

ನೆಲ ಎಲ್ಲಿದೆ ಎಂದು ಕಂದಾಯ ಇಲಾಖೆ ಕೇಳುತ್ತದೆ. ಕೇಳತಕ್ಕದ್ದೇ. ಘಟ್ಟಕ್ಕೂ ಕಡಲಿಗೂ ನಡುವೆ ಹೆದ್ದಾರಿ, ರೈಲು, ಬಂದರು, ಕೈಗಾರಿಕೆಗಳಿಗೆ ಕೊಟ್ಟು ಉಳಿದ ಜಾಗ ಕಿರಿದು. ಆದರೆ ಆ ಕಿರಿದಾದ ಜಾಗದಲ್ಲಿಯೇ ಅವೆಲ್ಲಕ್ಕೂ ಎಕರೆಗಟ್ಟಲೆ ನೆಲ ಸಿಕ್ಕಿತಲ್ಲವೆ? ಅದಕ್ಕಿಂತ ಕಷ್ಟವಾದ ಪ್ರಶ್ನೆಯನ್ನು ಕೇಳುವವನು ಮೀನುಗಾರನೇ. ಎರಡು ಮೈಲಿ ಒಳಗೆ, ಗುಡ್ಡದ ಮೇಲೆ ಐದು ಸೆಂಟ್ಸು ಜಾಗವೂ ಸಿಮೆಂಟಿನ ಮನೆಯೂ ದೊರೆತರೆ ದೋಣಿಯನ್ನು ಕಾಯುವವರು ಯಾರು? ಕೈರಂಪಣಿ ಎಳೆಯುವವರು ಬಂಗುಡೆಯ ಹಿಂಡು ಬಂದುದನ್ನು ನೀರಿನ ಬಣ್ಣದಿಂದ ತಿಳಿಯುತ್ತಾರೆ. ಅದು ಕಾಣಬೇಕಾದರೆ ಕಣ್ಣು ದಂಡೆಯ ಮೇಲಿರಬೇಕು. ಆದ್ದರಿಂದ ರಾತ್ರಿ ಮಲಗುವ ಮನೆ ಬೇರೆ, ದೋಣಿ ಬಲೆಗಳ ಕೊಟ್ಟಿಗೆ ಬೇರೆ ಎಂದು ಎರಡನ್ನು ಬಿಡಿಸಿ ನೋಡುವ ಕಟ್ಟಳೆ ಬೇಕು. ಮನೆ ಒಳಗೆ ಹೋಗಲಿ. ಕೊಟ್ಟಿಗೆ ಮಾತ್ರ ದಂಡೆಯಲ್ಲಿಯೇ, ಬಿಚ್ಚಿ ಕಟ್ಟಬಹುದಾದ ಕಂಬಗಳ ಮೇಲೆ, ಯಾವ ಕಚೇರಿಯ ಅಪ್ಪಣೆಯನ್ನೂ ಕಾಯದೆ ಕಡಲಿನೊಡನೆ ಹಿಂದುಮುಂದಾಗುತ್ತಿರಲಿ. ಪ್ರವಾಸಿಗಳಿಗಾಗಿ ಉಬ್ಬರರೇಖೆಯಿಂದ ಹತ್ತು ಮೀಟರು ಬಿಟ್ಟು ತಾತ್ಕಾಲಿಕ ಚಪ್ಪರ ಹಾಕಬಹುದೆಂದು ೨೦೧೯ರ ಅಧಿಸೂಚನೆಯೇ ಒಪ್ಪಿಕೊಂಡಿದೆ. ತಂಪುಪಾನೀಯದ ಚಪ್ಪರಕ್ಕೆ ಆಗುವ ಹತ್ತು ಮೀಟರು ಬಲೆಯ ಕೊಟ್ಟಿಗೆಗೂ, ಅಷ್ಟೇ ಸುಲಭವಾಗಿ, ಆಗಬಾರದೇಕೆ?